ಕಡತ ಕಳೆದಿಲ್ಲ, ಬಾಗಿಲು ಮುಚ್ಚಿದೆ ಅಷ್ಟೇ

‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದು ಎರಡು ದಶಕ ದಾಟಿತು. ಈಗ ನಮ್ಮ ತೊಂಡೇಬಾವಿಯಂಥ ಊರಿನ ಮನೆಗಳಲ್ಲೂ ಪಹಣಿ, ಅಂಕಪಟ್ಟಿ, ಮದುವೆ ಫೋಟೊಗಳು ಕಂಪ್ಯೂಟರಿನಲ್ಲಿರುತ್ತವೆ. ಫೋಲ್ಡರ್ ತೆರೆದೊಡನೆ ಪರದೆ ಖಾಲಿಯಾದರೆ ಎದೆ ಧಸಕ್ಕೆನ್ನುತ್ತದೆ. ಈ ಭಯಕ್ಕೂ ಒಂದು ಚರಿತ್ರೆಯಿದೆ.

1990ರ ವಿಂಡೋಸ್ 3.0ರಲ್ಲಿ ಕಡತ ನೋಡಿಕೊಳ್ಳುವ ಫೈಲ್ ಮ್ಯಾನೇಜರ್ ಬೇರೆ, ತಂತ್ರಾಂಶ ತೆರೆಯುವ ಪ್ರೋಗ್ರಾಂ ಮ್ಯಾನೇಜರ್ ಬೇರೆ. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಎರಡೂ ಕೆಲಸವನ್ನು ಎಕ್ಸ್‌ಪ್ಲೋರರ್‌ಗೆ ವಹಿಸಿತು. ಸ್ಟಾರ್ಟ್ ಬಟನ್, ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಕೂಡ ಅದರ ಪಾಲಾದವು. ಆದ್ದರಿಂದಲೇ ಇಂದಿಗೂ ಅದೊಂದು ಕೈಕೊಟ್ಟರೆ ಎಲ್ಲವೂ ಮಾಯವಾದಂತೆ ಕಾಣುತ್ತದೆ. ಕಡತಗಳು ಮಾತ್ರ ಡಿಸ್ಕಿನಲ್ಲೇ ಇರುತ್ತವೆ.

ಅನೇಕ ಸಲ ತಪ್ಪು ಎಕ್ಸ್‌ಪ್ಲೋರರಿನದಲ್ಲ. ಬೇರೆ ತಂತ್ರಾಂಶಗಳು ರೈಟ್ ಕ್ಲಿಕ್ ಪಟ್ಟಿಗೆ ಸೇರಿಸಿದ ತುಣುಕಿನದು, ಇಲ್ಲವೇ ಕೆಟ್ಟುಹೋದ ವಿಡಿಯೊ ಕಡತದ್ದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಹೊಸ ಟಾಸ್ಕ್ ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಎಕ್ಸ್‌ಪ್ಲೋರರ್’ ಎಂದು ಬರೆದು ಎಂಟರ್ ಒತ್ತಿದರೆ ಪರದೆ ಸಾಮಾನ್ಯವಾಗಿ ಮರಳುತ್ತದೆ. ಆಮೇಲೆ ಇತ್ತೀಚೆಗೆ ಹಾಕಿದ ತಂತ್ರಾಂಶವನ್ನು ತೆಗೆದು ನೋಡಿ.

ಗಾಬರಿಯಲ್ಲಿ ಅಂಗಡಿಗೆ ಒಯ್ದು ‘ಫಾರ್ಮ್ಯಾಟ್ ಮಾಡಿಬಿಡಿ’ ಎಂದರೆ ಮಾತ್ರ ಪಹಣಿಯೂ ಫೋಟೊಗಳೂ ನಿಜಕ್ಕೂ ಹೋದಾವು. ಮೊದಲು ಪೆನ್‌ಡ್ರೈವಿಗೆ ಒಂದು ಪ್ರತಿ ಇಳಿಸಿಕೊಳ್ಳೋಣ.