ಗದ್ದುಗೆಯನ್ನೇರುವದೂ ಇಳಿಯುವದೂ

ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದ ಕಾಲದಲ್ಲಿ, ಜವಾಬ್ದಾರಿ ಸರಕಾರವನ್ನು ಬೇಡಿದ ದೇಶೀ ಸಂಸ್ಥಾನಗಳ ಪ್ರಜೆಗಳು ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತಿತ್ತು: ಅಧಿಕಾರವನ್ನು ಜನರ ಕೈಗಿತ್ತರೆ ಅವರು ಎಂಥವರನ್ನು ಆರಿಸಿಯಾರು? ಅರಬ ದೇಶಗಳ ವಿಷಯದಲ್ಲಿ ಇದೇ ಪ್ರಶ್ನೆಯು ಇಂದಿಗೂ ಕೇಳಿಬರುವದು. ಮತದಾನವು ಮುಕ್ತವಾಗಿ ನಡೆದರೆ ಇಸ್ಲಾಮೀ ಶಾಸನವನ್ನು ಬಯಸುವ ಪಕ್ಷಗಳೇ ಗದ್ದುಗೆಯೇರುವವೆಂಬ ಭಯವು ಅದರ ಮೂಲವು.

ಈ ಭಯವು ನಿರಾಧಾರವೆನ್ನಲಾಗದು. ಅಲ್ಜೀರಿಯಾದಲ್ಲಿ ೧೯೯೧ನೆಯ ಡಿಸೆಂಬರದಲ್ಲಿ ನಡೆದ ಚುನಾವಣೆಯ ಮೊದಲನೆಯ ಸುತ್ತಿನಲ್ಲಿ ನಿರ್ಣಯವಾದ ೨೩೧ ಸ್ಥಾನಗಳೊಳಗೆ ೧೮೮ನ್ನು ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಎಂಬ ಪಕ್ಷವು ಗೆದ್ದಿತು. ಅದರ ಕೆಲವು ಮುಖಂಡರು ಪ್ರಜಾಪ್ರಭುತ್ವದ ತತ್ತ್ವವನ್ನೇ ಒಪ್ಪದವರಾಗಿದ್ದರು. ೧೯೯೨ರ ಜನವರಿಯಲ್ಲಿ ಸೈನ್ಯವು ನಡುವೆ ಬಂದು, ಎರಡನೆಯ ಸುತ್ತು ನಡೆಯಲೇ ಇಲ್ಲ. ಮುಂದೆ ಸುಮಾರು ಹತ್ತು ವರುಷ ಆ ದೇಶವು ಅಂತಃಕಲಹದಲ್ಲಿ ಬೆಂದು, ಲಕ್ಷಕ್ಕೂ ಮಿಕ್ಕಿ ಜನರು ಮಡಿದರೆಂದು ಅಂದಾಜಿರುವದು. ಈಜಿಪ್ತದಲ್ಲಿ ಮುಸ್ಲಿಂ ಬ್ರದರ್‌ಹುಡ್ಡಿನ ಮೊಹಮ್ಮದ್ ಮೊರ್ಸಿಯವರು ೨೦೧೨ರ ಜೂನದಲ್ಲಿ ಅಧ್ಯಕ್ಷರಾಗಿ ಆರಿಸಿಬಂದರು. ನವೆಂಬರದಲ್ಲಿ ತಮ್ಮ ಆಜ್ಞೆಗಳನ್ನು ನ್ಯಾಯಾಲಯಗಳು ಪ್ರಶ್ನಿಸಕೂಡದೆಂದು ಸಾರಿದರು. ೨೦೧೩ರ ಜುಲೈ ೩ರಂದು ಸೈನ್ಯವು ಅವರನ್ನು ಪದಚ್ಯುತಗೊಳಿಸಿತು.

ಟ್ಯುನೀಸಿಯಾದ ವೃತ್ತಾಂತವು ಬೇರೆ. ಅಲ್ಲಿಯ ಎನ್ನಹದಾ ಪಕ್ಷವು ೨೦೧೧ರಲ್ಲಿ ೨೧೭ರೊಳಗೆ ೮೯ ಸ್ಥಾನಗಳನ್ನು ಪಡೆದು ಇತರರೊಡನೆ ಕೂಡಿ ಆಳಿತು. ರಾಜ್ಯಘಟನೆಯು ಸಿದ್ಧವಾದ ೨೦೧೪ರಲ್ಲಿ ಅಧಿಕಾರವನ್ನು ಬಿಟ್ಟಿತು. ಅದೇ ವರುಷದ ಚುನಾವಣೆಯಲ್ಲಿ ಸೋತಾಗ ಸೋಲನ್ನೂ ಒಪ್ಪಿತು. ಮುಂದೆ ೨೦೨೧ರ ಜುಲೈಯಲ್ಲಿ ಶಾಸನಸಭೆಯನ್ನು ಸ್ಥಗಿತಗೊಳಿಸಿದವರು ಆ ಪಕ್ಷಕ್ಕೆ ಸೇರದ ಅಧ್ಯಕ್ಷ ಕೈಸ್ ಸಯೀದರು.

ಆದುದರಿಂದ ಗದ್ದುಗೆಯನ್ನು ಯಾರು ಏರುವರೆಂಬುದಕ್ಕಿಂತ, ಏರಿದವರು ಇಳಿಯುವರೋ ಇಲ್ಲವೋ ಎಂಬುದೇ ಮುಖ್ಯವಾದ ಪ್ರಶ್ನೆಯು. ಧರ್ಮದ ಹೆಸರು ಹೇಳುವವರಿಗೂ ಖಡ್ಗವನ್ನು ಹಿಡಿದವರಿಗೂ ಈ ಪರೀಕ್ಷೆಯು ಒಂದೇ.

ಇಳಿಯುವದಕ್ಕೆ ನಿದರ್ಶನವು ಜಮಖಂಡಿಯ ಇತಿಹಾಸದಲ್ಲಿಯೇ ದೊರೆಯುವದು. ಸಾವಳಗಿಯಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು ೧೯೪೫ರಲ್ಲಿ ಪಟ್ಟಣದ ಮುನಿಸಿಪಾಲಿಟಿಯ ಅಧ್ಯಕ್ಷರಾದರು. ಅನಂತರ ಸಂಸ್ಥಾನದ ಶಾಸನಸಭೆಗೆ ಆರಿಸಿಬಂದು, ಮಂತ್ರಿಯಾಗಿ, ಕಡೆಗೆ ದಿವಾಣರಾದರು. ೧೯೪೮ರ ಮಾರ್ಚ್ ೮ರಂದು ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಶಂಕರರಾವ ಪಟವರ್ಧನರು ರಾಜ್ಯಾಧಿಕಾರವನ್ನು ಬಿಟ್ಟುಕೊಟ್ಟರು. ಜತ್ತಿಯವರು ವಕೀಲಿಗೆ ಮರಳಿದರು. ೧೯೭೭ರ ಮಾರ್ಚ್ ೨೪ರಂದು ಹಂಗಾಮಿ ರಾಷ್ಟ್ರಪತಿಗಳಾಗಿದ್ದ ಅದೇ ಜತ್ತಿಯವರು, ತಾವು ಬೆಳೆದುಬಂದ ಕಾಂಗ್ರೆಸ್ ಪಕ್ಷವು ಸೋತಾಗ, ಗೆದ್ದ ಪಕ್ಷದ ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಮಂತ್ರಿಪದದ ಪ್ರಮಾಣವಚನವನ್ನು ಬೋಧಿಸಿದರು.

ಕೃಷ್ಣೆ, ಘಟಪ್ರಭೆಗಳ ತೀರದ ಒಕ್ಕಲಿಗನು, ಮೃಗಗಳು ಮೇಯುವವೆಂದು ಹೆದರಿ ಬಿತ್ತದೆ ಬಿಡುವದಿಲ್ಲ. ಬಿತ್ತುವನು, ಬೇಲಿಯನ್ನೂ ಹಾಕುವನು. ಮತದಾನವು ಬಿತ್ತನೆಯಾದರೆ, ಸ್ವತಂತ್ರ ನ್ಯಾಯಾಲಯ, ಅಲ್ಪಸಂಖ್ಯಾತರ ಹಕ್ಕು, ಕಾಲಕಾಲಕ್ಕೆ ತಪ್ಪದೆ ಬರುವ ಚುನಾವಣೆ, ಇವು ಅದರ ಬೇಲಿಯು. ಬೇಲಿಯಿಲ್ಲದೆ ಬಿತ್ತಿದವರ ನಷ್ಟವನ್ನು ಈಜಿಪ್ತವು ಕಂಡಿತು. ಬಿತ್ತಿದ ಹೊಲಕ್ಕೇ ಬೆಂಕಿಯಿಟ್ಟವರ ನಷ್ಟವನ್ನು ಅಲ್ಜೀರಿಯಾ ಕಂಡಿತು.