ಬೀಟೆಯೊಳಗೆ ಕೂತ ಬಣ್ಣಗಳು

ಮೈಸೂರಿನ ಅರಮನೆಯನ್ನು ನೋಡಿ ಬಂದವರು ಚಿನ್ನದ ಅಂಬಾರಿಯನ್ನು ನೆನೆಯುತ್ತಾರೆ, ದೀಪಾಲಂಕಾರವನ್ನು ನೆನೆಯುತ್ತಾರೆ. ಬಾಗಿಲುಗಳನ್ನು ನೆನೆಯುವವರು ಕಡಿಮೆ. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಹೊಸದು ಮುಗಿಯಿತು. ಅದರ ಅಂಬಾವಿಲಾಸಕ್ಕೆ ಹೋಗುವ ಬಾಗಿಲು ಬೀಟೆಮರದ್ದು, ಅದರೊಳಗೆ ಕೂರಿಸಿದ ಕುಸುರಿ ಆನೆಯ ದಂತದ್ದು. ಶ್ರೀರಂಗಪಟ್ಟಣದ ಗುಂಬಜಿನಲ್ಲಿಯೂ ದಂತ ಕೂರಿಸಿದ ಕರಿಯ ಮರದ ಬಾಗಿಲುಗಳಿವೆ. ಅವು ಲಾರ್ಡ್ ಡಾಲ್‌ಹೌಸಿ ಕೊಟ್ಟವು. ಕಪ್ಪಿನ ಮೇಲೆ ಬಿಳಿ. ನೂರಾರು ವರ್ಷ ಈ ಕಲೆಗೆ ಈ ಎರಡೇ ಬಣ್ಣ ಸಾಕಾಗಿದ್ದವು.

ಇವತ್ತು ಮೈಸೂರಿನ ಇನ್‌ಲೇ ಚಿತ್ರವೊಂದನ್ನು ಗೋಡೆಗೆ ತೂಗುಹಾಕಿ ನೋಡಿ. ಹಳದಿ, ಕೆನೆ, ಕಂದು, ಕೆಂಪು, ಕಪ್ಪು, ಎಲ್ಲವೂ ಇವೆ. ಇವನ್ನು ಡಬ್ಬಿಯ ಬಣ್ಣದಿಂದ ಬಳಿದದ್ದಲ್ಲ; ಒಂದೊಂದೂ ಒಂದೊಂದು ಮರದ ಮೈಬಣ್ಣ. ಎರಡು ಬಣ್ಣದ ಕಲೆ ಹತ್ತು ಬಣ್ಣದ ಕಲೆಯಾದದ್ದು ಹೇಗೆ ಎಂಬುದರಲ್ಲಿ ನಮ್ಮ ಕಾಡಿನ ಚರಿತ್ರೆಯೂ ಅಡಗಿದೆ.

ಮೊದಲು ಕೆಲಸದ ಬಗೆಯನ್ನು ಹೇಳಬೇಕು. ಚಿತ್ರವನ್ನು ಕಾಗದದ ಮೇಲೆ ಬರೆದು, ಅದರ ಒಂದೊಂದು ಭಾಗವನ್ನೂ ಬೇರೆ ಬೇರೆ ಮರದ ತೆಳುಹಲಗೆಗೆ ಅಂಟಿಸುತ್ತಾರೆ. ಬಿಲ್ಲಿನಂತೆ ಬಾಗಿದ ಚೌಕಟ್ಟಿಗೆ ದಾರದಷ್ಟು ತೆಳ್ಳಗಿನ ಅಲಗನ್ನು ಬಿಗಿದ ಗರಗಸದಿಂದ ಗೆರೆಯ ಜಾಡು ಹಿಡಿದು ಕೊಯ್ಯುತ್ತಾರೆ. ಫ್ರೆಟ್ ಸಾ ಎಂದು ಇದರ ಹೆಸರು. ಕೊಯ್ದ ಚೂರುಗಳನ್ನು ಬೀಟೆಯ ಹಲಗೆಯ ಮೇಲಿಟ್ಟು, ಅಂಚನ್ನು ಗುರುತಿಸಿ, ಅಷ್ಟೇ ಆಳಕ್ಕೆ ಉಳಿಯಿಂದ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಆಮೇಲೆ ಉಪ್ಪುಕಾಗದದಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಬೆರಳಾಡಿಸಿದರೆ ಒಂದು ಮರ ಮುಗಿದು ಇನ್ನೊಂದು ಆರಂಭವಾದ ಜಾಗ ತಿಳಿಯಬಾರದು.

ಹೀಗಾಗಬೇಕಾದರೆ ಕೈ ಎಷ್ಟು ಪಳಗಿದ್ದರೂ ಸಾಲದು, ಮರ ಸರಿಯಾಗಿರಬೇಕು. ಹಸಿಮರ ಒಣಗುತ್ತ ಕುಗ್ಗುತ್ತದೆ. ಇವತ್ತು ಬಿಗಿಯಾಗಿ ಕೂತ ಚೂರಿನ ಸುತ್ತ ನಾಳೆ ಬಿರುಕು ಕಾಣುತ್ತದೆ. ಗಂಟಿದ್ದರೆ ಅಲಗು ತುಂಡಾಗುತ್ತದೆ, ಇಲ್ಲವೇ ದಾರಿ ತಪ್ಪುತ್ತದೆ. ಎಳೆ ಅಡ್ಡಕ್ಕೆ ಬಂದರೆ ನವಿಲಿನ ಕಾಲಿನಂಥ ಸಣ್ಣ ಭಾಗ ಕೊಯ್ಯುವಾಗಲೇ ಮುರಿಯುತ್ತದೆ. ಆದ್ದರಿಂದ ಎಳೆ ಒತ್ತಾಗಿರುವ, ಚೆನ್ನಾಗಿ ಒಣಗಿದ, ಗಂಟಿಲ್ಲದ ಮರ ಬೇಕು. ಬೀಟೆಯಲ್ಲಿಯೂ ಹೊರಗಿನ ಬಿಳಿಭಾಗ ಪ್ರಯೋಜನವಿಲ್ಲ, ಅದಕ್ಕೆ ಹುಳು ಬೀಳುತ್ತದೆ. ಒಳಗಿನ ಚೇಗು ಮಾತ್ರ ಬೇಕು. ಚೇಗು ಬಲಿಯಬೇಕಾದರೆ ಮರಕ್ಕೆ ಹತ್ತಾರು ವರ್ಷ ವಯಸ್ಸಾಗಬೇಕು.

ಇನ್ನು ದಂತದ ವಿಚಾರ. ರಾಜಾಶ್ರಯದ ಕಾಲದಲ್ಲಿ ದಂತ ಸಿಕ್ಕುತ್ತಿತ್ತು. ಅದು ಎಲ್ಲಿಂದ ಬಂತೆಂದು ಕೇಳುವವರಿರಲಿಲ್ಲ. ಅರಮನೆಯ ಬಾಗಿಲಿನ ಸೊಗಸನ್ನು ಹೊಗಳುವಾಗ ಅದರ ಹಿಂದೆ ಆನೆಗಳಿದ್ದವು ಎಂಬುದನ್ನು ನಾವು ಮರೆಯಬಾರದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1986ರ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು. ಆಫ್ರಿಕದ ದಂತಕ್ಕೆ 1989ರಲ್ಲಿ ಅಂತರರಾಷ್ಟ್ರೀಯ ನಿಷೇಧ ಒಪ್ಪಿತವಾಯಿತು. 1991ರ ತಿದ್ದುಪಡಿ ಅದನ್ನೂ ನಮ್ಮ ದೇಶದಲ್ಲಿ ಮುಚ್ಚಿಹಾಕಿತು. ಐದೇ ವರ್ಷಗಳಲ್ಲಿ ಒಂದು ಕಲೆಯ ಅರ್ಧ ಸಾಮಗ್ರಿ ಕೈಬಿಟ್ಟುಹೋಯಿತು.

ಕೆಲವರು ದಂತದ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕೂರಿಸಿದರು. ಅದು ದಂತದಂತೆ ಕಂಡರೂ ಬೀಟೆಯ ಪಕ್ಕದಲ್ಲಿ ಪರಕೀಯವಾಗಿಯೇ ಉಳಿಯಿತು. ಮರದೊಳಗೆ ಮರವನ್ನೇ ಕೂರಿಸುವ ದಾರಿ ಹಿಡಿದವರು ಕಲೆಗೆ ಹೊಸ ಆಯುಸ್ಸು ಕೊಟ್ಟರು. ಬಿಳಿಗೆ ಹಾಲೆಮರ; ಚನ್ನಪಟ್ಟಣದ ಗೊಂಬೆಗಳ ಮರವೂ ಇದೇ, ಆ ಸೀಮೆಯವರು ಆಲೆಮರ ಎನ್ನುತ್ತಾರೆ. ಹಳದಿಗೆ ಹಲಸು. ಬಂಗಾರದ ಕಂದಿಗೆ ತೇಗ, ಹಸುರು ಬೆರೆತ ಕಂದಿಗೆ ಸಂಪಿಗೆ, ಕಪ್ಪಿಗೆ ಕರಿಮರ, ಕೆನೆಬಣ್ಣಕ್ಕೆ ರಬ್ಬರ್ ಮರ. ಕೊಡಗು, ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕಿನ ಹಲಗೆಯಲ್ಲಿ ಜರಿಯಂಥ ಹೊಳೆಯುವ ಚುಕ್ಕೆಗಳಿರುತ್ತವೆ. ಹಿತ್ತಲಿನಲ್ಲಿ, ತೋಟದಲ್ಲಿ, ಬೇಲಿಯಲ್ಲಿ ಬೆಳೆಯುವ ಮರಗಳಿಗೂ ಅರಮನೆಯ ಕಲೆಯಲ್ಲಿ ಜಾಗ ಸಿಕ್ಕಿತು. ದಸರಾ ಮೆರವಣಿಗೆಯ ಚಿತ್ರದಲ್ಲಿ ಆನೆಯ ದಂತಕ್ಕೂ ಬಿಳಿಮರದ ಒಂದು ಚೂರು ಸಾಕಾಯಿತು.

ಮರದ ಬಣ್ಣ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹಲಸಿನ ಹೊಸ ಹಲಗೆ ಅರಿಸಿನದಂತಿರುತ್ತದೆ, ವರ್ಷಗಳು ಕಳೆದಂತೆ ಕಂದಿಗೆ ತಿರುಗುತ್ತದೆ. ಕೆಂಪುಮರಗಳೂ ಬೆಳಕಿಗೆ ಮಂಕಾಗುತ್ತವೆ. ಬಲ್ಲವರು ಇವತ್ತಿನ ಬಣ್ಣವನ್ನು ನೋಡಿ ಮರ ಆರಿಸುವುದಿಲ್ಲ, ಇಪ್ಪತ್ತು ವರ್ಷದ ಮೇಲೆ ಅದು ಪಕ್ಕದ ಮರದೊಡನೆ ಹೇಗೆ ಕಂಡೀತೆಂದು ನೋಡುತ್ತಾರೆ. ಹಲಗೆಯ ಯಾವ ಭಾಗದ ಎಳೆ ಹರಿಯುವ ನೀರಾದೀತು, ಯಾವುದು ಸಂಜೆಯ ಮೋಡವಾದೀತು ಎಂದು ಕೊಯ್ಯುವ ಮೊದಲೇ ಕಾಣಬೇಕು. ಗರಗಸದ ಕೆಲಸಕ್ಕೆ ಈಗ ವಿದ್ಯುತ್ ಯಂತ್ರಗಳಿವೆ, ಲೇಸರ್ ಕೂಡ ಇದೆ. ಲೇಸರ್ ಕೊಯ್ದಲ್ಲಿ ಮರದ ಅಂಚು ಸುಟ್ಟು ಕಪ್ಪಾಗುತ್ತದೆ. ಮೇಲಾಗಿ, ಮರವನ್ನು ಆರಿಸಿಕೊಡುವ ಯಂತ್ರವನ್ನು ನಾನಂತೂ ಕಂಡಿಲ್ಲ.

ಈಗ ಸರದಿ ಬೀಟೆಯದು. ಹಿಂದೆ ಮಲೆನಾಡಿನ ಮನೆಗಳ ಕಂಬ, ಮಂಚ, ಪೆಟ್ಟಿಗೆಗಳಿಗೆ ಬಳಸುತ್ತಿದ್ದ ಈ ಮರವನ್ನು 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿತು. ಮುಂದೆ ಕಡಿಮೆ ತೂಕದ ಸಿದ್ಧವಸ್ತುಗಳಿಗೆ ವಿನಾಯಿತಿ ದೊರೆತದ್ದು ಕುಶಲಕರ್ಮಿಗಳಿಗೆ ಸಮಾಧಾನದ ಸಂಗತಿ. ಆದರೆ ಕಾಗದದ ಮೇಲಿನ ವಿನಾಯಿತಿಯಿಂದ ಕಾಡಿನಲ್ಲಿ ಮರ ಬೆಳೆಯುವುದಿಲ್ಲ. ನಮ್ಮ ರಾಜ್ಯದಲ್ಲಿ ಸ್ವಂತ ಜಮೀನಿನ ಬೀಟೆಯನ್ನು ಕಡಿಯಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ನ್ಯಾಯವಾಗಿ ಮರ ಕೊಳ್ಳಬೇಕೆನ್ನುವವರು ಸರ್ಕಾರಿ ನಾಟಾ ಡಿಪೋದ ಹರಾಜನ್ನು ಕಾಯಬೇಕು, ಹೇಳಿದ ಬೆಲೆ ತೆರಬೇಕು.

ಇಲ್ಲೊಂದು ಇಕ್ಕಟ್ಟಿದೆ. ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿರುವುದು ಬೀಟೆಯ ಹೆಸರಿನಲ್ಲಿಯೇ. ದಂತವನ್ನು ಬಿಟ್ಟಷ್ಟು ಸುಲಭವಾಗಿ ಅದು ಬೀಟೆಯನ್ನು ಬಿಡಲಾರದು. ಹಾಗೆಂದು ಬೀಟೆ ಮುಗಿಯುವವರೆಗೆ ಕಾಯುವುದೂ ಸರಿಯಲ್ಲ. ದಂತದ ವಿಷಯದಲ್ಲಿ ಕಾನೂನು ಬಂದು ಕೈ ತಡೆದ ಮೇಲೆ ನಮ್ಮವರು ಹಲಸು, ಹಾಲೆಗಳ ಕಡೆ ತಿರುಗಿ ನೋಡಿದರು. ಬೀಟೆಯ ವಿಷಯದಲ್ಲಾದರೂ ಮೊದಲೇ ನೋಡಬಹುದು: ತೆಳುಹಲಗೆಯಾಗಿ ಸೀಳಿ ಬೇರೆ ಮರದ ಮೇಲೆ ಅಂಟಿಸಿ ಬಳಸಬಹುದು, ಹಳೆಯ ಮನೆ ಕೆಡವುವಾಗ ಸಿಗುವ ತೊಲೆ ಬಾಗಿಲುಗಳನ್ನು ಸೌದೆಯಾಗಲು ಬಿಡದೆ ಕೊಳ್ಳಬಹುದು, ಕಾಫಿತೋಟದ ನೆರಳಿನಲ್ಲಿ ಬೀಟೆಯ ಸಸಿಗಳನ್ನೂ ನೆಡಬಹುದು. ಇಂದು ನೆಟ್ಟ ಸಸಿಯ ಚೇಗು ನಮ್ಮ ಮೊಮ್ಮಕ್ಕಳ ಕಾಲಕ್ಕಾದರೂ ಒದಗೀತು.

ಕೊಳ್ಳುವ ನಮಗೂ ಒಂದು ಕೆಲಸವಿದೆ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, ಈ ಹಳದಿ ಯಾವ ಮರ, ಈ ಬಿಳಿ ಯಾವ ಮರ ಎಂದು ಕೇಳೋಣ. ಹೆಸರು ಹೇಳಬಲ್ಲವರ ಕೈಕೆಲಸಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.