ನಾಲ್ಕು–ಐದಕ್ಕೆ ನಿಂತ ಆಟ

ನಾವು ಘೋಡಬಂದರ್ ರಸ್ತೆಗೆ ಬಂದದ್ದು 2003ರಲ್ಲಿ. ಆಗ ಮಾನಪಾಡಾ ದಾಟಿದರೆ ಒಂದು ಕಡೆ ಯೇವೂರಿನ ಗುಡ್ಡ, ಇನ್ನೊಂದು ಕಡೆ ಖಾಡಿ, ನಡುವೆ ಅರ್ಧಂಬರ್ಧ ಕಟ್ಟಿದ ಕಟ್ಟಡಗಳು. ಧಾರವಾಡದಿಂದ ಬಂದ ನಮ್ಮವ್ವ, "ಮುಂಬಯಿ ಅಂದಿ, ಇದು ಅಡವಿ ಐತಲ್ಲೋ" ಅಂದಿದ್ದಳು. ಸೊಸೈಟಿಯ ಬ್ರೋಶರಿನಲ್ಲಿ ಮಾತ್ರ ಈಜುಕೊಳ, ಕ್ಲಬ್ ಹೌಸ್, ಟೆನಿಸ್ ಕೋರ್ಟು ಎಲ್ಲ ಇತ್ತು. ಸುಳ್ಳು ಯಾಕೆ, ನಾನು ಮನೆ ಬುಕ್ ಮಾಡಿದ್ದೇ ಆ ಕೋರ್ಟಿನ ಚಿತ್ರ ನೋಡಿ. ಹೆಂಡತಿಗೆ ಇದನ್ನು ಇವತ್ತಿನವರೆಗೂ ಹೇಳಿಲ್ಲ.

ನಾನು ಟೆನಿಸ್ ಕಲಿತದ್ದು ಊರಿನ ಕ್ಲಬ್ಬಿನ ಸಗಣಿ ಸಾರಿಸಿದ ಕೋರ್ಟಿನಲ್ಲಿ, ಸಾಹೇಬರುಗಳಿಗೆ ಚೆಂಡು ಹೆಕ್ಕಿಕೊಡುತ್ತ. ಏಪ್ರಿಲ್‌ನಲ್ಲಿ ಒಂದು ದೊಡ್ಡ ಮಳೆ ಬಿದ್ದರೆ ಎರಡು ದಿನ ಆಟ ಬಂದ್. ಮಾಲಿ ಮತ್ತೆ ಸಗಣಿ ಸಾರಿಸಿ, ಸುಣ್ಣದ ಗೆರೆ ಎಳೆದು, "ಈಗ ಬರ್ರಿ" ಅನ್ನಬೇಕು. ಆ ಮಳೆಗಳಿಗೆ ಅಶ್ವಿನಿ, ಭರಣಿ ಅಂತ ಹೆಸರಾದರೂ ಇರುತ್ತಿತ್ತು. ಬರುವ ಹೊತ್ತೂ ಹೆಚ್ಚುಕಡಿಮೆ ಗೊತ್ತಿರುತ್ತಿತ್ತು.

ಠಾಣೆಯ ಮಳೆಯ ಲೆಕ್ಕವೇ ಬೇರೆ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಆದರೆ 2023ರಲ್ಲಿ ಜೂನ್ 25ರವರೆಗೆ ಕಾಯಿಸಿ, ದೆಹಲಿಗೂ ಮುಂಬಯಿಗೂ ಒಂದೇ ದಿನ ಬಂತು. 2025ರಲ್ಲಿ ಮೇ 26ಕ್ಕೇ ಬಂದಿಳಿಯಿತು. 1950ರಿಂದ ಈಚೆಗೆ ಅಷ್ಟು ಬೇಗ ಬಂದದ್ದೇ ಇರಲಿಲ್ಲವಂತೆ. ಒಂದು ತಿಂಗಳ ಹೇರಾಫೇರಿ! ಬ್ಯಾಂಕಿನಲ್ಲಿ ಯಾರಾದರೂ ಹೀಗೆ ಕಂತು ಕಟ್ಟಿದರೆ ನೋಟೀಸು ಕಳಿಸುತ್ತಿದ್ದೆವು.

ಆ 2025ರ ಬೇಸಿಗೆ ನನಗೆ ಮುಖ್ಯವಾಗಿತ್ತು. ಹದಿನೈದು ವರ್ಷದಿಂದ ಬೆಳಿಗ್ಗೆ ಆರಕ್ಕೆ ನನ್ನ ಜೊತೆ ಆಡುತ್ತಿದ್ದ, ಪಕ್ಕದ ವಿಂಗಿನ ಕಾಕಾ ಜೂನ್ ಒಂದಕ್ಕೆ ಪುಣೆಯ ಮಗಳ ಮನೆಗೆ ಹೋಗಿ ನೆಲೆಸುವವರಿದ್ದರು. ವಯಸ್ಸು ಎಪ್ಪತ್ತೆರಡು, ರೈಲ್ವೆಯಲ್ಲಿದ್ದವರು. ಅವರಿಗೆ ಕನ್ನಡ ಬಾರದು, ನನ್ನ ಮರಾಠಿ ಬ್ಯಾಂಕಿನ ಕೌಂಟರಿನ ಮರಾಠಿ. ನಮ್ಮ ಸ್ನೇಹಕ್ಕೆ ಅಷ್ಟು ಸಾಕಾಗಿತ್ತು. ಗಣಪತಿ ಮಂಟಪ, ನವರಾತ್ರಿಯ ಗರಬಾ ಎಲ್ಲ ಕೋರ್ಟಿನ ಮೇಲೇ ಆಗುವುದರಿಂದ ನಮಗೆ ಪೂರ್ತಿ ಸಿಗುತ್ತಿದ್ದದ್ದು ಬೇಸಿಗೆಯೊಂದೇ. ಆ ಸಲ ಮೇ ಮೊದಲ ವಾರದಿಂದಲೇ ಗುಡುಗು ಮಳೆ ಶುರುವಾಯಿತು. ನಾವೂ ಬಿಡಲಿಲ್ಲ. ವಾಚ್‌ಮನ್‌ನಿಂದ ವೈಪರ್ ಇಸಿದುಕೊಂಡು ನೀರು ತಳ್ಳುವುದು, ಹಳೆ ಟವೆಲಿನಿಂದ ಗೆರೆ ಒರೆಸುವುದು, ನಾಲ್ಕು ಗೇಮ್ ಆಡುವುದು, ಮತ್ತೆ ಮಳೆ. "ಈ ವಯಸ್ಸಿನಾಗ ಜಾರಿಬಿದ್ರ ಯಾರು ನೋಡ್ತಾರ?" ಅಂತ ಮನೆಯಲ್ಲಿ ಬೈಗುಳ. ಆದರೂ ಅಂಥ ಸುಖದ ಬೇಸಿಗೆಯನ್ನು ನಾನು ಬೇರೆ ಕಂಡಿಲ್ಲ.

ಮೇಲಿಂದ ಬೀಳುವ ನೀರಿಗೂ ಈ ಆಟಕ್ಕೂ ಸಂಬಂಧ ಹಳೆಯದು. 1877ರಲ್ಲಿ ಮೊಟ್ಟಮೊದಲ ವಿಂಬಲ್ಡನ್ ನಡೆದಾಗಲೇ ಫೈನಲ್ ಮಳೆಗೆ ಸಿಕ್ಕಿತು. ಈಟನ್–ಹ್ಯಾರೋ ಶಾಲೆಗಳ ಕ್ರಿಕೆಟ್ ಪಂದ್ಯಕ್ಕಾಗಿ ಎರಡು ದಿನ ಬಿಟ್ಟುಕೊಟ್ಟು, ಸೋಮವಾರ ಆಡೋಣವೆಂದರೆ ಮಳೆ. ಕೊನೆಗೆ ಗುರುವಾರ, ಜುಲೈ 19ರಂದು, ಇನ್ನೂರು ಜನರ ಮುಂದೆ ಸ್ಪೆನ್ಸರ್ ಗೋರ್ 48 ನಿಮಿಷದಲ್ಲಿ ಗೆದ್ದ. ಅಲ್ಲಿನ ಸೆಂಟರ್ ಕೋರ್ಟಿಗೆ ಮುಚ್ಚುವ ಛಾವಣಿ ಬಂದದ್ದು 2009ರಲ್ಲಿ. ಅಷ್ಟರೊಳಗೆ 2001ರಲ್ಲಿ ಗೊರಾನ್ ಇವಾನಿಸೆವಿಚ್ ಮತ್ತು ಟಿಮ್ ಹೆನ್‌ಮನ್ ಅವರ ಸೆಮಿಫೈನಲ್ ಶುಕ್ರವಾರ ಶುರುವಾಗಿ ಭಾನುವಾರ ಮುಗಿದಿತ್ತು. ಶುಕ್ರವಾರ ಹೆನ್‌ಮನ್ ಮೂರನೇ ಸೆಟ್ಟನ್ನು ಆರು–ಸೊನ್ನೆಯಲ್ಲಿ ಗೆದ್ದು ಮುಂದೆ ಇದ್ದ. ಮಳೆ ಬರದಿದ್ದರೆ ಅವನೇ ಗೆಲ್ಲುತ್ತಿದ್ದ ಎಂದು ಅನೇಕರು ಇವತ್ತಿಗೂ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ವೈಲ್ಡ್ ಕಾರ್ಡಿನಲ್ಲಿ ಬಂದಿದ್ದ, 125ನೇ ರ‍್ಯಾಂಕಿನ ಇವಾನಿಸೆವಿಚ್ ಸೋಮವಾರ ಕಪ್ ಎತ್ತಿದ.

ಇಲ್ಲೊಂದು ವಿಶೇಷವಿದೆ. ಕ್ರಿಕೆಟ್‌ನಲ್ಲಿ ಮಳೆ ಬಂದರೆ ಓವರ್ ಕಡಿತ, ಗುರಿ ಬದಲು, ಇಲ್ಲವೇ ಪಂದ್ಯವೇ ರದ್ದು. ಟೆನಿಸ್‌ನಲ್ಲಿ ಹಾಗಿಲ್ಲ. ಎಲ್ಲಿ ನಿಂತಿತೋ ಅಲ್ಲಿಂದಲೇ, ಅದೇ ಸ್ಕೋರಿನಿಂದ, ಅದೇ ಸರ್ವ್‌ನಿಂದ ಶುರು. ನಿನ್ನೆಯ ಕ್ಲೋಸಿಂಗ್ ಬ್ಯಾಲೆನ್ಸೇ ಇವತ್ತಿನ ಓಪನಿಂಗ್ ಬ್ಯಾಲೆನ್ಸ್. ನನಗೆ ಈ ಆಟ ಹಿಡಿಸಲು ಇದೂ ಒಂದು ಕಾರಣವಿರಬೇಕು.

ಇದನ್ನು ಕಣ್ಣಾರೆ ಕಂಡದ್ದು ಬೆಂಗಳೂರಿನಲ್ಲಿ, 2014ರ ಸೆಪ್ಟೆಂಬರ್. ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಕ್ರೀಡಾಂಗಣದಲ್ಲಿ ಸರ್ಬಿಯಾ ವಿರುದ್ಧ ಡೇವಿಸ್ ಕಪ್. ರಜೆ ಹಾಕಿ ಹೋಗಿದ್ದೆ. ಮೊದಲ ದಿನ ನಾವು ಎರಡೂ ಸೋತೆವು. ಶನಿವಾರ ಲಿಯಾಂಡರ್ ಪೇಸ್ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಮೊದಲೆರಡು ಸೆಟ್ ಕಳೆದುಕೊಂಡು, ಐದನೆಯದನ್ನು 8–6ರಲ್ಲಿ ಗೆದ್ದರು. ಭಾನುವಾರ ಸೋಮದೇವ್ ಐದು ಸೆಟ್ ಆಡಿ ಸಮ ಮಾಡಿದ. ನಿರ್ಣಾಯಕ ಪಂದ್ಯದಲ್ಲಿ ಯೂಕಿ ಭಾಂಬ್ರಿ ಆಡುತ್ತಿದ್ದಾಗ ಮಳೆ. ಉಳಿದದ್ದು ಸೋಮವಾರಕ್ಕೆ. ನನಗೆ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್, ಶಾಖೆಯಲ್ಲಿ ಆಡಿಟ್. ನೆನೆದ ಚಪ್ಪಲಿಯಲ್ಲೇ ರೈಲು ಹತ್ತಿದೆ. ಮರುದಿನ ಯೂಕಿ ಸೋತು, ಸರ್ಬಿಯಾ 3–2ರಲ್ಲಿ ಗೆದ್ದದ್ದು ನನಗೆ ದಾರಿಯಲ್ಲಿ ಫೋನಿನಿಂದ ತಿಳಿಯಿತು. ಊರಿನಿಂದ ದೂರ ಇರುವವರ ಹಣೆಬರಹವೇ ಇಷ್ಟು. ಮದುವೆಗೆ ಹೋದರೆ ಬೀಗರೂಟಕ್ಕೆ ನಿಲ್ಲಲಾಗುವುದಿಲ್ಲ.

ಮೇ 25, ಭಾನುವಾರ. ಕಾಕಾ ಒಂದು ಸೆಟ್, ನಾನು ಒಂದು ಸೆಟ್. ಮೂರನೆಯದರಲ್ಲಿ ನನ್ನದು ನಾಲ್ಕು, ಅವರದು ಐದು. ನನ್ನ ಸರ್ವ್, 30–30. ಯೇವೂರಿನ ಗುಡ್ಡ ಇದ್ದಕ್ಕಿದ್ದಂತೆ ಕಾಣದಾಯಿತು. ನಾವು ಕ್ಲಬ್ ಹೌಸ್ ಸೇರುವಷ್ಟರಲ್ಲಿ ಇಬ್ಬರೂ ತೊಪ್ಪೆ. "ಚಲಾ, ಉದ್ಯಾ ಬಘೂ" ಎಂದರು ಕಾಕಾ. ಆ ನಾಳೆಯೇ ಮುಂಗಾರು ಬಂತು. ಶುಕ್ರವಾರ ಪ್ಯಾಕರ್ಸಿನ ಟೆಂಪೋ ಬಂತು. ಮಳೆಯಲ್ಲೇ ಸಾಮಾನು ಹೋಯಿತು. ಲಿಫ್ಟಿನ ಹತ್ತಿರ ಕೈ ಹಿಡಿದುಕೊಂಡು ಇಬ್ಬರೂ ಮೆಟ್ರೋ ಕೆಲಸದಿಂದಾಗುವ ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆವು. ಬೇರೇನೂ ತೋಚಲಿಲ್ಲ.

ಅಡಿಗೆಮನೆಯ ಕಾಲನಿರ್ಣಯದಲ್ಲಿ, ಹಾಲಿನ ಲೆಕ್ಕದ ಪಕ್ಕ, ಮೇ 25ರ ಮನೆಯಲ್ಲಿ 4–5, 30–30 ಎಂದು ಬರೆದಿದ್ದೆ. ವರ್ಷ ಮುಗಿದರೂ ಆ ಹಾಳೆ ಹರಿಯಲು ಬಿಟ್ಟಿಲ್ಲ.

ಆ ದೀಪಾವಳಿಗೆ ಕಾಕಾ ಫೋನ್ ಮಾಡಿದ್ದರು. ಮೊಣಕಾಲು, ಮಗಳು, ಪುಣೆಯ ಚಳಿ ಎಲ್ಲ ಆಯಿತು. ಇಡುವ ಮುಂಚೆ ಕೇಳಿದರು: "ಸರ್ವ್ ಕೋಣಾಚೀ?"

"ಮಾಝೀ" ಅಂದೆ.